ಐದನೇ ತರಗತಿಗೆ ಬಂದರೂ ಓದು ಬಾರದ ಮಕ್ಕಳು: ಸಾವಿರಾರು ಸರ್ಕಾರಿ ಶಾಲೆಗಳಲ್ಲಿ ಕೆಲಸ ಎಲ್ಲಿಂದ ಶುರು ಮಾಡಬೇಕು?

ಮೂರನೇ ಬೆಂಚು (ಪ್ರಶ್ನೆ)

ಕೆಲವು ಕೋಟಿ ಜನಸಂಖ್ಯೆ, ಇಪ್ಪತ್ತೈದು ಮೂವತ್ತು ಸಾವಿರ ಸರ್ಕಾರಿ ಪ್ರಾಥಮಿಕ ಶಾಲೆ ಇರುವ ಒಂದು ಪ್ರದೇಶವನ್ನು ಇಟ್ಟುಕೊಂಡು ಕೇಳುತ್ತಿದ್ದೇನೆ. ದಾಖಲಾತಿ ಚೆನ್ನಾಗಿದೆ. ಕಟ್ಟಡ, ಶೌಚಾಲಯ, ಮಧ್ಯಾಹ್ನದ ಊಟ ಬಹುತೇಕ ಕಡೆ ಇವೆ. ಆದರೂ ಐದನೇ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ ಓದಲು ಬರುವುದಿಲ್ಲ. ಇದು ಊಹೆಯ ಮಾತಲ್ಲ. ಭಾರತದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸುವ ಅಸರ್ ಸಮೀಕ್ಷೆಯಲ್ಲಿ, ಐದನೇ ತರಗತಿಯವರ ಪೈಕಿ ಆ ಮಟ್ಟದ ಪಠ್ಯ ಓದಬಲ್ಲವರು 2022ರಲ್ಲಿ ಶೇ 42.8, 2024ರಲ್ಲಿ ಶೇ 48.8.

ಸುಧಾರಣೆ ಎಂದ ಕೂಡಲೇ ಮುಂದೆ ಬರುವ ಪಟ್ಟಿ ಎಲ್ಲರಿಗೂ ಗೊತ್ತು: ಎಲ್ಲ ಶಿಕ್ಷಕರಿಗೆ ಐದು ದಿನದ ತರಬೇತಿ, ಸ್ಮಾರ್ಟ್ ಕ್ಲಾಸ್, ಐದನೇ ತರಗತಿಗೆ ಪಬ್ಲಿಕ್ ಪರೀಕ್ಷೆ, ಶಾಲೆಗಳಿಗೆ ದರ್ಜೆ, ಸಂಬಳ ಹೆಚ್ಚಳ. ಎಲ್ಲವನ್ನೂ ಒಟ್ಟಿಗೆ ಮಾಡುವಷ್ಟು ಹಣವಾಗಲಿ ಜನರಾಗಲಿ ಯಾವ ಇಲಾಖೆಯಲ್ಲೂ ಇರುವುದಿಲ್ಲ. ಮೊದಲ ಎರಡು ವರ್ಷ ಒಂದೇ ಕೆಲಸಕ್ಕೆ ಕೈ ಹಾಕುವುದಾದರೆ ಯಾವುದಕ್ಕೆ? ಹತ್ತು ಶಾಲೆಯಲ್ಲಿ ಚೆನ್ನಾಗಿ ನಡೆದದ್ದು ಹತ್ತು ಸಾವಿರ ಶಾಲೆಗೆ ಹೋದಾಗ ಎಲ್ಲಿ ಮುರಿಯುತ್ತದೆ? ಬಿಡಿಸಿ ಹೇಳಿದರೆ ಉಪಕಾರ.

ಕಾಗುಣಿತ

ಒಂದೇ ಕೆಲಸ ಎಂದರೆ ಇದು: ಮೂರರಿಂದ ಐದನೇ ತರಗತಿಯವರೆಗಿನ ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ನೋಡಿ, ಓದಿನ ಮಟ್ಟದ ಮೇಲೆ ಗುಂಪು ಮಾಡಿ, ದಿನಕ್ಕೊಂದು ಗಂಟೆ ಆ ಮಟ್ಟಕ್ಕೆ ತಕ್ಕಂತೆ ಕಲಿಸುವುದು. ಆ ಒಂದು ಗಂಟೆ ಮಗು ಯಾವ ತರಗತಿ ಎಂಬುದು ಲೆಕ್ಕಕ್ಕೆ ಬರಬಾರದು.

ಲಿಖಿತ ಪರೀಕ್ಷೆಯಿಂದ ಈ ಕೆಲಸ ಆಗದು. ಬೋರ್ಡಿನ ಮೇಲಿರುವುದನ್ನು ದುಂಡಗೆ ನಕಲು ಮಾಡುವ, ಆದರೆ ತಾನೇ ಬರೆದ ಸಾಲನ್ನು ಓದಲಾರದ ಮಗು ಲಿಖಿತ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಬಾಯಿ ಪರೀಕ್ಷೆಗೆ ಬೇಕಾದದ್ದು ಒಂದು ಹಾಳೆ ಅಷ್ಟೇ. ಅದರಲ್ಲಿ ಹತ್ತು ಅಕ್ಷರ, ಹತ್ತು ಸರಳ ಪದ, ನಾಲ್ಕು ಸಾಲಿನ ಒಂದು ಪ್ಯಾರಾ, ಎಂಟು ಹತ್ತು ಸಾಲಿನ ಒಂದು ಕಥೆ. ಶುರು ಮಾಡುವುದು ಪ್ಯಾರಾದಿಂದ. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ವಾಕ್ಯವನ್ನು ವಾಕ್ಯವಾಗಿ ಓದಿದರೆ ಕಥೆ ಕೊಡಿ. ಒಂದೊಂದೇ ಅಕ್ಷರ ಕೂಡಿಸುತ್ತಾ ತಡವರಿಸಿದರೆ ಅದು ಓದಿದ ಲೆಕ್ಕವಲ್ಲ, ಪದಗಳಿಗೆ ಇಳಿಯಿರಿ. ಮಗು ಆರಿಸಿಕೊಂಡ ಐದು ಪದಗಳಲ್ಲಿ ನಾಲ್ಕು ಸರಿ ಬಂದರೆ ಅದು ಪದದ ಮಟ್ಟ. ಬರದಿದ್ದರೆ ಅಕ್ಷರ, ಅಲ್ಲಿಯೂ ಐದರಲ್ಲಿ ನಾಲ್ಕು. ಒಂದು ಮಗುವಿಗೆ ಮೂರು ನಾಲ್ಕು ನಿಮಿಷ ಸಾಕು. ಮೂವತ್ತು ಮಕ್ಕಳಿದ್ದರೆ ಎರಡು ಗಂಟೆ, ಎರಡು ದಿನಕ್ಕೆ ಹಂಚಿಕೊಂಡರೆ ಯಾರಿಗೂ ಹೊರೆಯಲ್ಲ.

ಎಡವುವ ಜಾಗಗಳು ಸಣ್ಣವು, ಆದರೆ ಇಡೀ ಫಲಿತಾಂಶವನ್ನೇ ಕೆಡಿಸುತ್ತವೆ. ಒಬ್ಬರು ಓದುವುದನ್ನು ಸಾಲಿನಲ್ಲಿ ನಿಂತ ಉಳಿದವರು ಕೇಳಿಸಿಕೊಂಡರೆ ಐದನೆಯವನ ಹೊತ್ತಿಗೆ ಪ್ಯಾರಾ ಬಾಯಿಪಾಠವಾಗಿರುತ್ತದೆ. ಹಾಗಾಗಿ ಓದುವ ಮಗು ಉಳಿದವರಿಂದ ದೂರದಲ್ಲಿ ಕೂರಬೇಕು, ಹಾಳೆಯ ನಾಲ್ಕು ಮಾದರಿ ಕೈಯಲ್ಲಿರಬೇಕು. ಮಗು ತಡವರಿಸಿದಾಗ ಶಿಕ್ಷಕರು ಮೊದಲ ಅಕ್ಷರ ಹೇಳಿಕೊಟ್ಟುಬಿಡುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅಳತೆ ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ ಹತ್ತಿರದಿಂದ ನೋಡಬೇಕಾದದ್ದು. 'ಕ ಕಾ ಕಿ ಕೀ' ಎಂದು ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಗುವಿಗೆ ನಡುವಿನ 'ಕೂ' ಒಂದನ್ನೇ ಬೆರಳಿಟ್ಟು ತೋರಿಸಿ. ಎಷ್ಟೋ ಮಕ್ಕಳು ತುಟಿಯೊಳಗೇ 'ಕ'ದಿಂದ ಶುರು ಮಾಡಿ ಎಣಿಸುತ್ತಾ ಬಂದು ಅಲ್ಲಿ ನಿಲ್ಲುತ್ತಾರೆ. ಅಂದರೆ ಮಗುವಿಗೆ ಬರುವುದು ಸಾಲು, ಚಿಹ್ನೆಯಲ್ಲ. ಈ ಮಗುವಿಗೆ ಸ್ವರಚಿಹ್ನೆ ಕಲಿಸದೆ ಒತ್ತಕ್ಷರ ತುಂಬಿದ ಐದನೇ ತರಗತಿಯ ಪಾಠ ಮಾಡಿದರೆ ವರ್ಷವಿಡೀ ಸುಮ್ಮನೆ ಕುಳಿತಿರುತ್ತದೆ. ತರಗತಿಯಲ್ಲಿ ಗಲಾಟೆ ಮಾಡದ ಕಾರಣ ಯಾರ ಗಮನಕ್ಕೂ ಬರುವುದಿಲ್ಲ.

ಇದು ದೊಡ್ಡ ಪ್ರಮಾಣದಲ್ಲಿ ನಡೆದಿದೆಯೇ ಎಂದರೆ, ನಡೆದಿದೆ. 2013–14ರಲ್ಲಿ ಉತ್ತರ ಪ್ರದೇಶದ ಸರ್ಕಾರಿ ಶಾಲೆಗಳಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಶಿಬಿರಗಳ ರೂಪದಲ್ಲಿ ಒಟ್ಟು 50 ದಿನ ಹೀಗೆ ಕಲಿಸಿತು. ವರ್ಷದ ಕೊನೆಗೆ ಪ್ಯಾರಾ ಅಥವಾ ಕಥೆ ಓದಬಲ್ಲವರು ಶಿಬಿರ ನಡೆದ ಶಾಲೆಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟಿದ್ದರು, ನಡೆಯದ ಶಾಲೆಗಳಲ್ಲಿ ಕಾಲುಭಾಗದಷ್ಟು. ಆ ಕಾಲುಭಾಗ ಸೋಮಾರಿ ಶಾಲೆಗಳದ್ದಲ್ಲ. ಅದೇ ಪ್ರದೇಶ, ಅದೇ ಬಗೆಯ ಮಕ್ಕಳು.

ಹಾಜರಿ ಪುಸ್ತಕ

ಕಾಗುಣಿತ ಅವರು ಹೇಳಿದ್ದು ಸರಿ, ಆದರೆ ಅದು ಇಲಾಖೆಯ ಕೈಗೆ ಬಂದಾಗ ಏನಾಗುತ್ತದೆ ಎಂಬುದೇ ಪ್ರಶ್ನೆಯ ಎರಡನೇ ಅರ್ಧ. ಇದೇ ಪದ್ಧತಿಯನ್ನು ಬಿಹಾರದಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟು, ಸಾಮಗ್ರಿ ಹಂಚಿ, ಅಷ್ಟಕ್ಕೇ ಬಿಟ್ಟಾಗ ಮಕ್ಕಳ ಓದಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಅದೇ ಬಿಹಾರದಲ್ಲಿ ಸರ್ಕಾರಿ ಶಿಕ್ಷಕರೇ ಬೇಸಿಗೆ ಶಿಬಿರದಲ್ಲಿ ಕಲಿಸಿದಾಗ ಓದು ಸುಧಾರಿಸಿತು. ಶಿಕ್ಷಕರು ಅವರೇ, ಪದ್ಧತಿ ಅದೇ. ಬೇಸಿಗೆಯಲ್ಲಿ ಇಲ್ಲದ್ದು ಪಾಠ ಮುಗಿಸುವ ಒತ್ತಡ. ಶಾಲೆಯ ದಿನಗಳಲ್ಲಿ ಮಟ್ಟದ ಗುಂಪಿಗೆ ಹೊತ್ತೇ ಸಿಗಲಿಲ್ಲ, ಸಿಕ್ಕ ಹೊತ್ತನ್ನೂ ಪಠ್ಯಪುಸ್ತಕ ತಿಂದಿತು.

ಮುಂದೆ 2012–13ರಲ್ಲಿ ಹರಿಯಾಣದಲ್ಲಿ ಎರಡು ಬದಲಾವಣೆ ಮಾಡಿದರು. ದಿನದಲ್ಲಿ ಒಂದು ಗಂಟೆ ಇದಕ್ಕೇ ಎಂದು ವೇಳಾಪಟ್ಟಿಯಲ್ಲೇ ಬರೆದರು. ಶಾಲೆಶಾಲೆಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಬ್ಲಾಕ್ ಮಟ್ಟದ ಮಾರ್ಗದರ್ಶಕರು ಬೇರೆಯವರಿಗೆ ಹೇಳಿಕೊಡುವ ಮೊದಲು ತಾವೇ 15–20 ದಿನ ಮಕ್ಕಳಿಗೆ ಕಲಿಸಿ ನೋಡಿದರು. ಅಲ್ಲಿ ಹಿಂದಿ ಓದು ಸುಧಾರಿಸಿತು. ಗಣಿತದಲ್ಲಿ ಏನೂ ಆಗಲಿಲ್ಲ, ಅದನ್ನೂ ಹೇಳಬೇಕು.

ಆದ್ದರಿಂದ ತರಬೇತಿಯ ಹಣಕ್ಕಿಂತ ಮುಂಚೆ ಮಾರ್ಗದರ್ಶಕರ ಲೆಕ್ಕ ಹಾಕಿ. ತಿಂಗಳಲ್ಲಿ 22 ಕೆಲಸದ ದಿನ. ಸಭೆಗೆ ಎರಡು, ಕಚೇರಿ ಕೆಲಸಕ್ಕೆ ಎರಡು ಹೋದರೆ ಉಳಿಯುವುದು 18. ಒಬ್ಬರಿಗೆ 18 ಶಾಲೆ ಕೊಟ್ಟರೆ ತಿಂಗಳಿಗೆ ಒಂದು ಭೇಟಿ, 9 ಶಾಲೆ ಕೊಟ್ಟರೆ ಎರಡು. ತಿಂಗಳಿಗೆ ಒಂದಕ್ಕಿಂತ ಕಡಿಮೆಯಾದರೆ ಆ ಭೇಟಿಯಿಂದ ಏನೂ ಬದಲಾಗದು, ಏಕೆಂದರೆ ಹೋದ ಸಲ ಹೇಳಿದ್ದನ್ನು ಇಬ್ಬರೂ ಮರೆತಿರುತ್ತಾರೆ. 25,000 ಶಾಲೆಗೆ ತಲಾ 15ರಂತೆ ಹಂಚಿದರೂ 1,700ರಷ್ಟು ಮಾರ್ಗದರ್ಶಕರು ಬೇಕು. ಬಹಳಷ್ಟು ಕಡೆ ಈ ಹುದ್ದೆಗಳು ಈಗಲೇ ಇವೆ. ಆದರೆ ಆ ಜನ ಶಾಲೆಯಿಂದ ಕಚೇರಿಗೆ, ಕಚೇರಿಯಿಂದ ಶಾಲೆಗೆ ನಮೂನೆ ಹೊರುವುದರಲ್ಲೇ ಸವೆದುಹೋಗುತ್ತಿದ್ದಾರೆ. ಅವರ ಹೆಗಲಿನಿಂದ ಆ ಕೆಲಸ ಇಳಿಸದೆ ಹೊಸ ಕೆಲಸ ಹೇರಿದರೆ ಹೊಸದೇ ಬಿದ್ದುಹೋಗುತ್ತದೆ.

ಕೆನ್ಯಾ ಇದನ್ನು ಹೇಗೆ ಕಟ್ಟಿತು ನೋಡಿ. 2015ರಿಂದ ಸುಮಾರು 23,000 ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಡೆದ ಟುಸೋಮೆ ಕಾರ್ಯಕ್ರಮದಲ್ಲಿ ಪ್ರತಿ ಮಗುವಿಗೆ ಒಂದು ಪುಸ್ತಕ, ಶಿಕ್ಷಕರಿಗೆ ದಿನದಿನದ ಪಾಠಯೋಜನೆ. ಭೇಟಿ ಕೊಡುವ ಅಧಿಕಾರಿಯ ಕೈಯಲ್ಲಿ ಒಂದು ಟ್ಯಾಬ್ಲೆಟ್. ಅವರು ಒಂದು ಪಾಠ ಪೂರ್ತಿ ಕುಳಿತು ನೋಡಬೇಕಿತ್ತು, ಮೂರು ಮಕ್ಕಳನ್ನು ಓದಿಸಬೇಕಿತ್ತು, ಶಿಕ್ಷಕರೊಂದಿಗೆ ಮಾತಾಡಬೇಕಿತ್ತು. ಪ್ರಯಾಣದ ಖರ್ಚು ಸಿಗುತ್ತಿದ್ದುದು ದಾಖಲಾದ ಭೇಟಿಗೆ ಮಾತ್ರ. ಮೂರೇ ಮಕ್ಕಳೇ ಎನ್ನಬಹುದು. ಆದರೆ ಮಗು ಓದುವುದನ್ನು ಕೇಳಿದ ಮೇಲೆ ಶಿಕ್ಷಕರ ಜೊತೆಗಿನ ಮಾತು ಸುಣ್ಣ ಬಣ್ಣ, ರಿಜಿಸ್ಟರ್ ಬಿಟ್ಟು ಓದಿನ ಕಡೆಗೇ ತಿರುಗುತ್ತದೆ. ನನಗೆ ಇದರಲ್ಲಿ ತುಂಬ ಮೆಚ್ಚುಗೆಯಾಗುವುದು ಅದೇ.

ನಿಮ್ಮ ಪಟ್ಟಿಯ ಇನ್ನೆರಡಕ್ಕೆ ಚುಟುಕಾಗಿ. ಶಾಲೆಗೆ ದರ್ಜೆ: ಮಧ್ಯಪ್ರದೇಶದಲ್ಲಿ ಶಾಲೆಗಳ ಮೌಲ್ಯಮಾಪನ ಮಾಡಿ ಸುಧಾರಣಾ ಯೋಜನೆ ಬರೆಸುವ ಕಾರ್ಯಕ್ರಮವನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದರು. ಕಾಗದದ ಕೆಲಸ ಚೆನ್ನಾಗಿ ಮುಗಿಯಿತು. ಪಾಠ ಮಾಡುವ ರೀತಿ, ಶಿಕ್ಷಕರ ಹಾಜರಿ, ಮಕ್ಕಳ ಕಲಿಕೆ ಯಾವುದೂ ಬದಲಾಗಲಿಲ್ಲ. ಸಂಬಳ: ಇಂಡೊನೇಷ್ಯಾ ಅರ್ಹತಾ ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲವೇತನವನ್ನು ಇಮ್ಮಡಿ ಮಾಡಿತು. ಶಿಕ್ಷಕರ ನೆಮ್ಮದಿ ಹೆಚ್ಚಿತು, ಎರಡನೇ ದುಡಿಮೆ ಕಡಿಮೆಯಾಯಿತು. ಮಕ್ಕಳ ಕಲಿಕೆ ಎರಡು ಮೂರು ವರ್ಷದ ನಂತರವೂ ಇದ್ದಲ್ಲೇ ಇತ್ತು. ನ್ಯಾಯವಾದ ಸಂಬಳ ಕೊಡಲೇಬೇಕು, ಅದು ಬೇರೆ ಮಾತು. ಅದರಿಂದ ಓದು ತಾನಾಗಿ ಬರುತ್ತದೆಂದು ಲೆಕ್ಕ ಹಾಕಬೇಡಿ.

ಮೂರನೇ ಬೆಂಚು

ಇಬ್ಬರಿಗೂ ಧನ್ಯವಾದ. ಎರಡು ಅನುಮಾನ. ಐದು ತರಗತಿ, ಇಬ್ಬರೇ ಶಿಕ್ಷಕರು ಇರುವ ಶಾಲೆಯಲ್ಲಿ ಈ ಒಂದು ಗಂಟೆ ನಿಜವಾಗಿ ಹೇಗಿರುತ್ತದೆ? ಮತ್ತೆ ಹರಿಯಾಣದಲ್ಲಿ ಗಣಿತ ಏಕೆ ಮೇಲೇಳಲಿಲ್ಲವೋ, ಅದಕ್ಕೂ ಇದೇ ಪದ್ಧತಿ ಸಾಕೇ?

ಕಾಗುಣಿತ

55 ಮಕ್ಕಳ ಶಾಲೆ ಎಂದುಕೊಳ್ಳಿ. ಒಂದು ಮತ್ತು ಎರಡನೇ ತರಗತಿಯಲ್ಲಿ 20, ಮೂರರಿಂದ ಐದರಲ್ಲಿ 35. ಓದಿಸಿ ನೋಡಿದಾಗ ಈ 35ರಲ್ಲಿ ಏನೂ ಬಾರದವರು 4, ಅಕ್ಷರದವರು 10, ಪದದವರು 9, ಪ್ಯಾರಾದವರು 7, ಕಥೆಯವರು 5 ಎಂದು ಬಂದರೆ ಐದು ಗುಂಪು ಮಾಡಬೇಡಿ. ಎರಡೇ ಮಾಡಿ: ಅಕ್ಷರ ಮತ್ತು ಅದಕ್ಕಿಂತ ಕೆಳಗಿನ 14 ಮಕ್ಕಳು ಒಂದು, ಪದ ಮತ್ತು ಮೇಲಿನ 21 ಮಕ್ಕಳು ಇನ್ನೊಂದು. ಅನುಭವಿ ಶಿಕ್ಷಕರು ಕೂರಬೇಕಾದದ್ದು ಮೊದಲ ಗುಂಪಿನಲ್ಲಿ. ಸಾಮಾನ್ಯವಾಗಿ ಇದು ತಿರುಗುಮುರುಗಾಗುತ್ತದೆ. ಹಿಂದುಳಿದವರನ್ನು ಹೊಸಬರಿಗೋ ದೊಡ್ಡ ಮಕ್ಕಳಿಗೋ ಒಪ್ಪಿಸಿ, ಓದುವವರನ್ನು ಮುಖ್ಯಶಿಕ್ಷಕರು ಇಟ್ಟುಕೊಳ್ಳುತ್ತಾರೆ.

ಆ ಹೊತ್ತಿನಲ್ಲಿ ಒಂದು ಎರಡನೇ ತರಗತಿಯ 20 ಮಕ್ಕಳ ಗತಿಯೇನು ಎಂಬುದಕ್ಕೆ ಪೂರ್ತಿ ಸಮಾಧಾನದ ಉತ್ತರ ಇಲ್ಲ. ಸ್ವಯಂಸೇವಕರು ಒಬ್ಬರು ಸಿಕ್ಕರೆ ಅವರನ್ನು ಇಲ್ಲಿ ಬಳಸಿ. ಸಿಗದಿದ್ದರೆ ಈ 20 ಜನ ಮೊದಲ ಗುಂಪಿನ ಜೊತೆ ಕುಳಿತು ಕಥೆ, ಮಾತು, ಅಕ್ಷರದ ಆಟದಲ್ಲಿ ಸೇರಲಿ. ಅವರಿಗೂ ಬೇಕಾದದ್ದು ಹೆಚ್ಚುಕಡಿಮೆ ಅದೇ. ಗುಂಪು 34 ಆಗುತ್ತದೆ, ಕಷ್ಟ, ಆದರೆ ಐದು ತರಗತಿಗೆ ಐದು ಪಾಠ ಓಡಿಸುವುದಕ್ಕಿಂತ ಸುಲಭ.

ಗಂಟೆಯ ಹಂಚಿಕೆ ಹೀಗೆ. ಮೊದಲ ಹತ್ತು ನಿಮಿಷ ಒಂದು ಚಿತ್ರ ಅಥವಾ ಸಂಗತಿ ಹಿಡಿದು ಮಾತು, ಎಲ್ಲರೂ ಬಾಯಿ ಬಿಡಬೇಕು. ಮುಂದಿನ ಹದಿನೈದು ನಿಮಿಷ ದೊಡ್ಡ ಅಕ್ಷರದ ಪ್ಯಾರಾ. ಶಿಕ್ಷಕರು ಪದಪದಕ್ಕೂ ಬೆರಳಿಟ್ಟು ಓದುತ್ತಾರೆ, ಆಮೇಲೆ ಇಬ್ಬರು ಮೂವರು ಮಕ್ಕಳು ಬಂದು ಬೆರಳಿಟ್ಟು ಓದುತ್ತಾರೆ. ಇಪ್ಪತ್ತು ನಿಮಿಷ ನಾಲ್ಕೈದು ಜನರ ಸಣ್ಣ ಗುಂಪುಗಳಲ್ಲಿ ಕೆಲಸ: ಮೊದಲ ಗುಂಪಿನವರು ಕಾಗುಣಿತದ ಪಟದ ಮೇಲೆ ಅಕ್ಷರ ಹುಡುಕಿ ಪದ ಕಟ್ಟುವುದು, ಎರಡನೆಯವರು ಪ್ಯಾರಾ ಓದಿ ಒಬ್ಬರಿಗೊಬ್ಬರು ಪ್ರಶ್ನೆ ಕೇಳುವುದು. ಕೊನೆಯ ಹದಿನೈದು ನಿಮಿಷ ತಾವೇ ಬರೆಯುವುದು. ನಕಲಲ್ಲ, ಸ್ವಂತ ಮಾತು. ಕಾಗುಣಿತದ ಪಟದಲ್ಲಿ ದಿನವೂ ಅಡ್ಡಸಾಲು ಓದಿಸಿದರೆ ಮತ್ತೆ ರಾಗವೇ ಆಗುತ್ತದೆ. ಒಂದು ದಿನ ಅಡ್ಡ, ಒಂದು ದಿನ 'ಕಿ ಗಿ ಚಿ ಜಿ' ಎಂದು ಉದ್ದ, ಒಂದು ದಿನ ಅಲ್ಲೊಂದು ಇಲ್ಲೊಂದು ತೋರಿಸಿ. ಉದ್ದಸಾಲಿನಲ್ಲಿ ಗುಡಿಸು ಎಂಬುದು ಎಲ್ಲ ವ್ಯಂಜನಕ್ಕೂ ಒಂದೇ ಧ್ವನಿ ಕೊಡುತ್ತದೆ ಎಂದು ಮಗುವಿಗೆ ಹೊಳೆಯುತ್ತದೆ. ಆ ಹೊಳೆದ ದಿನದಿಂದ ಓದು ಓಡುತ್ತದೆ.

ಹತ್ತು ದಿನಕ್ಕೊಮ್ಮೆ ಅದೇ ಹಾಳೆಯ ಬೇರೆ ಮಾದರಿಯಲ್ಲಿ ಓದಿಸಿ, ಮೇಲೇರಿದವರನ್ನು ಆಚೆ ಗುಂಪಿಗೆ ಕಳಿಸಿ. ಗುಂಪು ಬದಲಾಗದೆ ಮೂರು ತಿಂಗಳು ನಿಂತರೆ ಅದು 'ದಡ್ಡರ ಗುಂಪು' ಎಂದು ಹೆಸರು ಹೊತ್ತುಬಿಡುತ್ತದೆ. ಆಮೇಲೆ ಮಗುವನ್ನು ಎಬ್ಬಿಸುವುದು ಬಲು ಕಷ್ಟ.

ಹರಿಯಾಣದ ಗಣಿತದ ಬಗ್ಗೆ ಒಂದೇ ಕಾರಣ ಹೇಳಲಾರೆ. ಆದರೆ ಗಣಿತಕ್ಕೆ ಬೇರೆಯದೇ ಗಂಟೆ ಬೇಕು. ಭಾಷೆಯ ಗಂಟೆಯ ಬಾಲಕ್ಕೆ ಹತ್ತು ನಿಮಿಷ ಅಂಟಿಸಿದರೆ ಸಾಲದು. ಮಕ್ಕಳ ತಪ್ಪನ್ನು ನೋಡಿ: 43ರಲ್ಲಿ 27 ಕಳೆ ಎಂದರೆ 24 ಎಂದು ಬರೆಯುತ್ತಾರೆ. 3ರಲ್ಲಿ 7 ಹೋಗದು, ಹಾಗಾಗಿ 7ರಲ್ಲಿ 3 ಕಳೆದಿದ್ದಾರೆ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು ಅವರು ತಾವೇ ಮಾಡಿಕೊಂಡ ನಿಯಮ. ಇದಕ್ಕೆ ಇಂಟು ಹಾಕಿ 16 ಎಂದು ಬರೆದುಕೊಟ್ಟರೆ ಪ್ರಯೋಜನವಿಲ್ಲ. ಹತ್ತರ ನಾಲ್ಕು ಕಡ್ಡಿ ಕಟ್ಟು, ಮೂರು ಬಿಡಿ ಕಡ್ಡಿ ಕೈಗೆ ಕೊಡಿ, ಏಳು ಬಿಡಿ ಕಡ್ಡಿ ಕೇಳಿ. ಕೊಡಲಾಗದಾಗ ಮಗು ತಾನೇ ಒಂದು ಕಟ್ಟಿನ ರಬ್ಬರ್‌ಬ್ಯಾಂಡ್ ಬಿಚ್ಚುತ್ತದೆ. 'ದಶಕ ತರುವುದು' ಎಂದರೆ ಆ ಬಿಚ್ಚುವಿಕೆ. ಹತ್ತು ಮಕ್ಕಳಿಗೆ 500 ಕಡ್ಡಿ, 60 ರಬ್ಬರ್‌ಬ್ಯಾಂಡ್ ಇದ್ದರೆ ವರ್ಷ ಸಾಗುತ್ತದೆ. ರಬ್ಬರ್‌ಬ್ಯಾಂಡ್ ಮಾತ್ರ ನಡುವೆ ಒಮ್ಮೆ ಮತ್ತೆ ತರಬೇಕಾದೀತು.

ಅಂಕಿ ಅಂಶ

ಅಳತೆಯ ಬಗ್ಗೆ ಸೇರಿಸುತ್ತೇನೆ, ಏಕೆಂದರೆ ದೊಡ್ಡ ಕಾರ್ಯಕ್ರಮಗಳು ಕೆಡುವುದು ಬಹುತೇಕ ಇಲ್ಲೇ. ಶಿಕ್ಷಕರು ಗುಂಪು ಮಾಡಲು ನಡೆಸುವ ಪರೀಕ್ಷೆ ಬೇರೆ, ಪ್ರದೇಶ ಸುಧಾರಿಸಿತೇ ಎಂದು ತಿಳಿಯುವ ಪರೀಕ್ಷೆ ಬೇರೆ. ಮೊದಲನೆಯದರ ಅಂಕಿಯನ್ನು ಮೇಲಕ್ಕೆ ತರಿಸಿಕೊಂಡು ಶಾಲೆಗಳಿಗೆ ನೋಟಿಸು ಕೊಟ್ಟರೆ, ಮುಂದಿನ ಸಲ ಎಲ್ಲ ಮಕ್ಕಳೂ ಕಾಗದದ ಮೇಲೆ ಕಥೆ ಓದುತ್ತಾರೆ. ಆಗ ಇಲಾಖೆಯ ಬಳಿ ಅಂಕಿಯೂ ಇರುವುದಿಲ್ಲ, ಶಿಕ್ಷಕರ ಬಳಿ ನಿಜವಾದ ಗುಂಪೂ ಇರುವುದಿಲ್ಲ.

ಎರಡನೆಯದಕ್ಕೆ ಪ್ರತಿ ಮಗುವನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. ಜಿಲ್ಲೆಗೆ 40 ಶಾಲೆ ಚೀಟಿ ಎತ್ತಿ, ಶಾಲೆಗೆ 10 ಮಕ್ಕಳು, ಒಟ್ಟು 400. ಓದಿಸುವವರು ಬೇರೆ ಜಿಲ್ಲೆಯವರಾಗಲಿ. 400 ಮಕ್ಕಳು ಬಿಡಿಬಿಡಿಯಾಗಿ ಸಿಕ್ಕಿದ್ದರೆ ತಪ್ಪಿನ ಅಂತರ, ಅಂದರೆ ನಿಜವಾದ ಅಂಕಿ ಮೇಲೆ ಕೆಳಗೆ ಸರಿಯಬಹುದಾದ ದೂರ, ಹೆಚ್ಚುಕಡಿಮೆ ಶೇಕಡಾ 5 ಅಂಶ. ಆದರೆ ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಾರೆ, ಅದಕ್ಕಾಗಿ ಅಂತರ 7ಕ್ಕೆ ಹಿಗ್ಗುತ್ತದೆ. ಎರಡು ವರ್ಷಗಳನ್ನು ಹೋಲಿಸುವಾಗ ಎರಡೂ ಕಡೆಯ ತಪ್ಪು ಸೇರಿ 10ರ ಹತ್ತಿರ ಹೋಗುತ್ತದೆ. ಅಂದರೆ ಒಂದು ಜಿಲ್ಲೆ ಶೇ 44ರಿಂದ 49ಕ್ಕೆ ಏರಿತು ಎಂದು ಸನ್ಮಾನ ಮಾಡುವುದೂ, ಇನ್ನೊಂದು 46ರಿಂದ 42ಕ್ಕೆ ಇಳಿಯಿತು ಎಂದು ವರ್ಗಾವಣೆ ಮಾಡುವುದೂ ಎರಡೂ ತಪ್ಪು. ಮೂವತ್ತು ಜಿಲ್ಲೆ ಕೂಡಿಸಿದಾಗ 12,000 ಮಕ್ಕಳಾಗುತ್ತಾರೆ. ಪ್ರದೇಶದ ಮಟ್ಟದಲ್ಲಿ 5 ಅಂಶದ ಏರಿಕೆ ಖಂಡಿತ ನಂಬಬಹುದಾದದ್ದು.

ಶಿಕ್ಷಕರ ಅಂಕಿ ನಿಜವೇ ಎಂದು ತಿಳಿಯಬೇಕಿದ್ದರೆ ಮಾರ್ಗದರ್ಶಕರು ಭೇಟಿ ಕೊಟ್ಟಾಗ ಪಟ್ಟಿಯಿಂದ ಐದು ಹೆಸರು ಆರಿಸಿ ಮತ್ತೆ ಓದಿಸಲಿ. ಐದರಲ್ಲಿ ಒಬ್ಬರ ಮಟ್ಟ ಬೇರೆ ಬಂದರೆ ಸಹಜ, ಮಗುವಿಗೂ ಒಳ್ಳೆಯ ದಿನ ಕೆಟ್ಟ ದಿನ ಇರುತ್ತದೆ. ಮೂವರದು ಬೇರೆ ಬಂದರೆ ಅದೇ ದಿನ ಇಡೀ ತರಗತಿಯನ್ನು ಇಬ್ಬರೂ ಕೂಡಿ ಓದಿಸಬೇಕು. ನೋಟಿಸು ಬೇಡ.

ತೊಟ್ಟಿಲು

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಮೂರು ನಾಲ್ಕು ಐದನೇ ತರಗತಿಯವರನ್ನು ಎತ್ತುವುದು ಸರಿ, ಆದರೆ ಒಂದು ಎರಡರಲ್ಲಿ ಸೋರುತ್ತಿರುವುದನ್ನು ನಿಲ್ಲಿಸದಿದ್ದರೆ ಪ್ರತಿ ವರ್ಷ ಅಷ್ಟೇ ಮಕ್ಕಳು ಹಿಂದುಳಿದು ಮೂರಕ್ಕೆ ಬರುತ್ತಾರೆ. ಬ್ರೆಜಿಲ್‌ನ ಸಿಯಾರಾ ರಾಜ್ಯ ಗುರಿಯನ್ನು ಕೆಳಗೇ ಇಟ್ಟುಕೊಂಡಿತು: ಏಳು ವರ್ಷದ ಮಗು ಓದಬೇಕು. ಅದಕ್ಕೂ ಮುಂಚೆ ಅದೇ ರಾಜ್ಯದ ಸೋಬ್ರಾಲ್ ನಗರ 2001ರ ಸುಮಾರಿಗೆ ತನ್ನ ಮಕ್ಕಳನ್ನು ಓದಿಸಿ ನೋಡಿ ಅರ್ಧದಷ್ಟು ಮಂದಿಗೆ ಓದು ಬರುವುದಿಲ್ಲ ಎಂದು ಒಪ್ಪಿಕೊಂಡಿತು, ಮುಖ್ಯಶಿಕ್ಷಕರನ್ನು ಶಿಫಾರಸಿನ ಬದಲು ಪರೀಕ್ಷೆಯಿಂದ ಆರಿಸಿತು, ತೀರಾ ಸಣ್ಣ ಶಾಲೆಗಳನ್ನು ಕೂಡಿಸಿತು. 2007ರಲ್ಲಿ ರಾಜ್ಯ ಅದನ್ನು 184 ಪುರಸಭೆಗಳಿಗೂ ಹಬ್ಬಿಸಿತು.

ಹಣ ಹಂಚಿದ ರೀತಿ ಗಮನಿಸಬೇಕಾದದ್ದು. ರಾಜ್ಯದ ಮಾರಾಟ ತೆರಿಗೆಯಲ್ಲಿ ಕಾಲುಭಾಗ ಪುರಸಭೆಗಳಿಗೆ ಹೋಗುತ್ತದೆ. ಆ ಪಾಲಿನಲ್ಲಿ ಶೇ 18ರಷ್ಟನ್ನು ಮಕ್ಕಳ ಕಲಿಕೆಯ ಫಲಿತಾಂಶಕ್ಕೆ ಕಟ್ಟಿದರು, ಅದೂ ಮಟ್ಟದ ಜೊತೆಗೆ ಸುಧಾರಣೆಯನ್ನೂ ಎಣಿಸಿ. ಬಡ ಪುರಸಭೆಯೂ ಏರಿದರೆ ಪಡೆಯುತ್ತದೆ. ಚೆನ್ನಾಗಿ ಮಾಡಿದ ಶಾಲೆಗೆ ಬಹುಮಾನದ ಒಂದು ಭಾಗ ಮೊದಲೇ, ಉಳಿದದ್ದು ಹಿಂದುಳಿದ ಒಂದು ಶಾಲೆಗೆ ಕೈಜೋಡಿಸಿದ ಮೇಲೆ. ಹಣ ಒಂದರಿಂದಲೇ ಆಗಲಿಲ್ಲ. ಪಾಠದ ಸಾಮಗ್ರಿ, ತರಬೇತಿ, ಪರೀಕ್ಷೆ ಮೂರನ್ನೂ ರಾಜ್ಯವೇ ಒದಗಿಸಿತು. ಬರೀ ಬಹುಮಾನ ಘೋಷಿಸಿ ಕೈತೊಳೆದುಕೊಂಡರೆ ಅಂಕಿ ಅಂಶ ಅವರು ಹೇಳಿದ್ದೇ ಆಗುತ್ತದೆ.

ಇನ್ನು ಮನೆಮಾತು. ಮನೆಯಲ್ಲಿ ಒಂದು ನುಡಿ, ಪುಸ್ತಕದಲ್ಲಿ ಇನ್ನೊಂದು ಇರುವ ಮಗು ಅಕ್ಷರ ಕೂಡಿಸಿ ಪದ ಓದಿದರೂ ಅದಕ್ಕೆ ಅರ್ಥ ಹತ್ತುವುದಿಲ್ಲ. ತಾನು ಓದಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ಆಧಾರವೇ ಇಲ್ಲ. ಕೆನ್ಯಾದ ಹಳ್ಳಿಶಾಲೆಗಳಲ್ಲಿ ಉಚಿತ ಪಠ್ಯಪುಸ್ತಕ ಕೊಟ್ಟು ನೋಡಿದ ಹಳೆಯ ಅಧ್ಯಯನದಲ್ಲಿ ಲಾಭವಾದದ್ದು ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ. ಪುಸ್ತಕ ಇಂಗ್ಲಿಷಿನಲ್ಲಿತ್ತು, ಬಹಳ ಮಕ್ಕಳಿಗೆ ಅದು ಮೂರನೇ ಭಾಷೆ. ಅಂಥ ಶಾಲೆಗಳಲ್ಲಿ ಮೊದಲ ಆರೆಂಟು ವಾರ ಬರಹಕ್ಕಿಂತ ಮಾತೇ ಹೆಚ್ಚಿರಲಿ, ಮನೆಮಾತಿನ ಉತ್ತರವನ್ನು ಶಿಕ್ಷಕರು ಒಪ್ಪಿಕೊಂಡು ಶಾಲೆಯ ನುಡಿಯಲ್ಲಿ ಮತ್ತೆ ಹೇಳಲಿ. ತರಗತಿಯ ಕಾಲುಭಾಗಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ಬೇರೆ ಇದ್ದರೆ ಆ ಶಾಲೆಗೆ ಆ ಮಾತು ಬಲ್ಲ ಒಬ್ಬರನ್ನು ಹಾಕಲೇಬೇಕು. ಮನೆಮಾತು ಏನು ಎಂದು ದಾಖಲಾತಿ ಅರ್ಜಿಯಲ್ಲಿ ಒಂದು ಸಾಲು ಸೇರಿಸಿದರೆ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಹಾಜರಿ ಪುಸ್ತಕ

ತೊಟ್ಟಿಲು ಅವರ ಮಾತಿಗೆ ನನ್ನ ಒಪ್ಪಿಗೆ ಇದೆ. ಎರಡೂ ಕೆಲಸ ಬೇಕು, ಮೊದಲ ವರ್ಷ ಮೇಲಿನ ಮಕ್ಕಳನ್ನು ಎತ್ತಿ. ಅವರಿಗೆ ಶಾಲೆಯಲ್ಲಿ ಉಳಿದಿರುವ ಕಾಲ ಕಡಿಮೆ.

ಯಾರೂ ಮುಟ್ಟದ ಒಂದು ವಿಷಯ ಹುದ್ದೆಗಳದ್ದು. ಸರಾಸರಿ ನೋಡಿ ಮೋಸ ಹೋಗಬೇಡಿ. ನೂರು ಶಾಲೆ, 6,000 ಮಕ್ಕಳು, 240 ಶಿಕ್ಷಕರಿರುವ ಬ್ಲಾಕಿನಲ್ಲಿ ಸರಾಸರಿ ಒಬ್ಬರಿಗೆ 25 ಮಕ್ಕಳು. ಅಚ್ಚುಕಟ್ಟು. ಆದರೆ ಶಾಲೆವಾರು ಪಟ್ಟಿ ತೆಗೆದರೆ ಹೆದ್ದಾರಿ ಪಕ್ಕದ ಶಾಲೆಯಲ್ಲಿ 90 ಮಕ್ಕಳಿಗೆ ಆರು ಜನ, ಬಸ್ಸಿಲ್ಲದ ಊರಿನಲ್ಲಿ 55 ಮಕ್ಕಳಿಗೆ ಒಬ್ಬರು. ಆ ಒಬ್ಬರು ಸಭೆಗೆ ಹೋದ ದಿನ ಶಾಲೆಗೆ ಬೀಗ. ವರ್ಗಾವಣೆ ಶಾಲೆ ತೆರೆಯುವ ಮೊದಲೇ ಮುಗಿಯಬೇಕು, ಏಕೋಪಾಧ್ಯಾಯ ಶಾಲೆಯಿಂದ ಬದಲಿ ಬಾರದೆ ಯಾರನ್ನೂ ಬಿಡಬಾರದು, ಖಾಲಿ ಹುದ್ದೆಗಳ ಪಟ್ಟಿ ಎಲ್ಲರಿಗೂ ಕಾಣುವಂತಿರಬೇಕು. ಈ ಮೂರು ನಿಯಮಕ್ಕೆ ಹಣ ಬೇಡ.

ನೇಮಕಾತಿಯೂ ಹಾಗೆಯೇ. ಒಂದು ಲಕ್ಷ ಶಿಕ್ಷಕರಲ್ಲಿ ವರ್ಷಕ್ಕೆ ಶೇ 4ರಷ್ಟು ನಿವೃತ್ತರಾದರೆ 4,000 ಹುದ್ದೆ. ಅಧಿಸೂಚನೆಯಿಂದ ಆದೇಶಕ್ಕೆ ಎರಡು ವರ್ಷ ಹಿಡಿದರೆ ಸದಾಕಾಲ 8,000 ಹುದ್ದೆ ಖಾಲಿ ಇರುತ್ತವೆ, ಯಾರ ದೋಷವೂ ಇಲ್ಲದೆ. ನಿವೃತ್ತಿಯ ದಿನಾಂಕ ಎಲ್ಲರದ್ದೂ ಮೊದಲೇ ಗೊತ್ತಿರುವಾಗ ಖಾಲಿಯಾಗುವ ತನಕ ಕಾಯುವುದೇಕೆ? ಮುಂದಿನ ವರ್ಷದ 4,000ಕ್ಕೆ ಈ ವರ್ಷವೇ ಪರೀಕ್ಷೆ ನಡೆಯಲಿ. ಪುಸ್ತಕಕ್ಕೂ ಹೀಗೆ ಹಿಂದಕ್ಕೆ ಎಣಿಸಿ: ಶಾಲೆ ತೆರೆಯುವ ವಾರದ ಮೊದಲು ಶಾಲೆಗೆ, ಒಂದು ತಿಂಗಳ ಮೊದಲು ಬ್ಲಾಕಿಗೆ, ಮುದ್ರಣಕ್ಕೆ ನಾಲ್ಕು ತಿಂಗಳು, ಟೆಂಡರಿಗೆ ಮೂರು. ಅಂದರೆ ಎಂಟು ಒಂಬತ್ತು ತಿಂಗಳ ಮುಂಚೆ ಪಠ್ಯ ಅಂತಿಮವಾಗಿರಬೇಕು. ಒಂದು ಅಧ್ಯಾಯ ತಿದ್ದಲು ತಿಂಗಳು ತಡವಾದರೆ ಲಕ್ಷಾಂತರ ಮಕ್ಕಳು ತಿಂಗಳುಗಟ್ಟಲೆ ಬರಿಗೈಯಲ್ಲಿ ಕೂರುತ್ತಾರೆ.

ಮೂರನೇ ಬೆಂಚು

ಎಲ್ಲರಿಗೂ ಕೃತಜ್ಞತೆ. ಕೊನೆಯದಾಗಿ ಒಂದು ಸಣ್ಣ ವಿಷಯ: ಓದಿಸಿ ನೋಡುವ ದಿನ ಗೈರಾದ ಮಕ್ಕಳನ್ನು ಏನು ಮಾಡುವುದು? ಬಂದವರಿಂದಲೇ ಪಟ್ಟಿ ಮುಗಿಸಬಹುದೇ?

ಅಂಕಿ ಅಂಶ

ಮುಗಿಸಬೇಡಿ. ಪದೇಪದೇ ಗೈರಾಗುವ ಮಗುವೇ ಸಾಮಾನ್ಯವಾಗಿ ಓದಿನಲ್ಲಿ ಹಿಂದುಳಿದಿರುವ ಮಗು. 30 ಮಕ್ಕಳ ತರಗತಿಯಲ್ಲಿ 22 ಬಂದು, 11 ಮಂದಿ ಓದಿದರೆ ಶೇ 50 ಎಂದು ಬರೆಯುತ್ತೀರಿ. ಉಳಿದ 8ರಲ್ಲಿ ಓದಬಲ್ಲದ್ದು ಒಂದೇ ಮಗುವಾದರೆ ನಿಜವಾದ ಅಂಕಿ 30ಕ್ಕೆ 12, ಶೇ 40. ಪಟ್ಟಿಯನ್ನು ಹಾಜರಿ ಪುಸ್ತಕದಿಂದಲೇ ನಕಲು ಮಾಡಿ, ಗೈರಾದವರ ಹೆಸರಿನ ಮುಂದೆ ಜಾಗ ಖಾಲಿ ಬಿಡಿ. ಮುಂದಿನ ಎರಡು ವಾರ ಮಗು ಬಂದ ಮೊದಲ ದಿನವೇ ಓದಿಸಿ. ಎರಡು ವಾರ ಕಳೆದರೂ ಖಾಲಿ ಉಳಿದ ಹೆಸರುಗಳಿದ್ದರೆ ಅದು ಇನ್ನೊಂದು ಪಟ್ಟಿ: ಅವರ ಮನೆಗೆ ಯಾರು ಯಾವತ್ತು ಹೋಗುತ್ತಾರೆ ಎಂದು ಹೆಸರು, ದಿನಾಂಕ ಬರೆದು ಮುಖ್ಯಶಿಕ್ಷಕರ ಮೇಜಿನ ಮೇಲೆ ಇಡಿ.